ತಮಾಷೆ, ಬೂಸಾ ಮತ್ತು ಡೋಹರ ಕಕ್ಕಯ್ಯ: ಪುಸ್ತಕಕ್ಕೆ ಹೆದರುವವರ ಚರಿತ್ರೆ

ಸ್ವಲ್ಪ ಉದ್ದದ ಪೋಸ್ಟ್. ಬಿಡುವು ಮಾಡ್ಕೊಂಡು ಓದಿ.

ಪುಸ್ತಕ ನಿಷೇಧ ಅಂದ ಕೂಡಲೇ ನಮ್ಮ ಬೆರಳು ಒಂದೇ ಕಡೆ ಹೋಗುತ್ತೆ. ಕೋಮುವಾದಿಗಳು ಪುಸ್ತಕ ಸುಡ್ತಾರೆ, ಲೇಖಕರಿಗೆ ಮಸಿ ಬಳೀತಾರೆ ಅಂತೀವಿ. ಸುಳ್ಳಲ್ಲ. 'ಢುಂಢಿ' ಕಾದಂಬರಿ ಬರೆದ ಯೋಗೇಶ್ ಮಾಸ್ಟರ್ ಅವರನ್ನ 2013ರ ಆಗಸ್ಟ್‌ನಲ್ಲಿ ಬಂಧಿಸಿದ್ರು. 2017ರ ಮಾರ್ಚ್‌ನಲ್ಲಿ ನಮ್ಮ ಪಕ್ಕದ ದಾವಣಗೆರೆಯಲ್ಲೇ ಅವರ ಮುಖಕ್ಕೆ ಮಸಿ ಬಳಿದ್ರು. 2015ರ ಅಕ್ಟೋಬರ್‌ನಲ್ಲಿ ಅದೇ ಊರಲ್ಲಿ, ಜಾತಿ ಬಗ್ಗೆ ಪುಸ್ತಕ ಬರೆದ ತಪ್ಪಿಗೆ ತನ್ನ ಮೇಲೆ ಹಲ್ಲೆ ಆಯ್ತು ಅಂತ ಹಾಸ್ಟೆಲಿನಲ್ಲಿದ್ದ ಒಬ್ಬ ದಲಿತ ವಿದ್ಯಾರ್ಥಿ ಪೊಲೀಸರಿಗೆ ದೂರು ಕೊಟ್ಟ. ಇವನ್ನೆಲ್ಲ ನಾವು ಮರೆತಿಲ್ಲ.

ಆದ್ರೆ ಈವತ್ತು ಬೇರೆ ಮೂರು ಕಥೆ ಹೇಳ್ತೀನಿ. ಒಂದು ಕಮ್ಯುನಿಸ್ಟರು ಆಳಿದ ದೇಶದ್ದು. ಒಂದು ದೇವರಾಜ ಅರಸರ ಕಾಲದ್ದು. ಮೂರನೆಯದು, ಸಮಾಜವಾದದ ಹಿನ್ನೆಲೆಯಿಂದ ಬಂದ ಜೆ.ಎಚ್. ಪಟೇಲರು ಮುಖ್ಯಮಂತ್ರಿ ಆಗಿದ್ದಾಗಿನದು. ಮೂರೂ ಕಡೆ ಅಧಿಕಾರದಲ್ಲಿದ್ದವರು ಬಡವರ ಪರ, ಸಮಾನತೆ ಪರ ಅಂತ ಹೇಳ್ಕೊಂಡವರೇ. ಅದಕ್ಕೇ ಈ ಮೂರನ್ನ ಜೊತೆಗಿಟ್ಟು ನೋಡಬೇಕು ಅನಿಸ್ತು.

*ಒಂದು: ಪ್ರಾಗ್, ಒಂದು ಅಂಚೆ ಕಾರ್ಡು*

ಮಿಲನ್ ಕುಂದೇರಾ ಅಂತ ಜೆಕ್ ಲೇಖಕ. 1967ರಲ್ಲಿ ಪ್ರಾಗ್‌ನಲ್ಲಿ ಅವನ ಮೊದಲ ಕಾದಂಬರಿ ಬಂತು. ಹೆಸರು 'ಝೆರ್ಟ್'. ಕನ್ನಡದಲ್ಲಿ ಹೇಳೋದಾದ್ರೆ 'ತಮಾಷೆ'.

ಕಥೆ ಸರಳ. ಲುದ್ವಿಕ್ ಅಂತ ಒಬ್ಬ ಹುಡುಗ. ಪಕ್ಷದ ನಿಷ್ಠಾವಂತ ಸದಸ್ಯ, ವಿದ್ಯಾರ್ಥಿ. ಅವನು ಇಷ್ಟಪಡೋ ಹುಡುಗಿ ಪಕ್ಷದ ತರಬೇತಿ ಶಿಬಿರಕ್ಕೆ ಹೋಗಿ ಅಲ್ಲಿಂದ ಬಹಳ ಗಂಭೀರವಾಗಿ, ಬಹಳ ಖುಷಿಯಾಗಿ ಪತ್ರ ಬರೀತಾಳೆ. ಇವನಿಗೆ ಸಿಟ್ಟು. ಅವಳನ್ನ ಕೆಣಕೋಕೆ ಅಂತ ಒಂದು ಕಾರ್ಡಿನಲ್ಲಿ ಮೂರೇ ಸಾಲು ತಮಾಷೆ ಬರೆದು ಹಾಕ್ತಾನೆ. ಸ್ಟಾಲಿನ್ ಕಾಲದಲ್ಲಿ ಎತ್ತಬಾರದ ಟ್ರಾಟ್‌ಸ್ಕಿ ಹೆಸರು ಅದರಲ್ಲಿರುತ್ತೆ. ಕಾರ್ಡು ಪಕ್ಷದ ಕಚೇರಿ ಸೇರುತ್ತೆ. ಸಭೆ ಕರೀತಾರೆ. ಒಬ್ಬೊಬ್ಬರಾಗಿ ಕೈ ಎತ್ತುತಾರೆ. ಗೆಳೆಯರೂ ಕೈ ಎತ್ತುತಾರೆ. ಪಕ್ಷದಿಂದ ಹೊರಗೆ, ವಿಶ್ವವಿದ್ಯಾಲಯದಿಂದ ಹೊರಗೆ. ನಂಬಿಕೆಗೆ ಅರ್ಹರಲ್ಲದವರಿಗೆ ಅಂತ ಇದ್ದ ಕಪ್ಪು ಪಟ್ಟಿಯ ಸೈನಿಕ ದಳಕ್ಕೆ ಸೇರಿಸಿ, ಓಸ್ತ್ರಾವಾದ ಕಲ್ಲಿದ್ದಲು ಗಣಿಗೆ ಇಳಿಸ್ತಾರೆ. ಮೂರು ಸಾಲಿಗೆ ಒಂದು ಬದುಕು.

1968ರ ಆಗಸ್ಟ್‌ನಲ್ಲಿ ಸೋವಿಯತ್ ನೇತೃತ್ವದ ಟ್ಯಾಂಕುಗಳು ಪ್ರಾಗ್ ಒಳಗೆ ಬಂದವು. ಆಮೇಲೆ ಕಾದಂಬರಿಯ ಗತಿ ಕಾದಂಬರಿಯೊಳಗಿನ ಕಥೆಯಂತೇ ಆಯ್ತು. ಪುಸ್ತಕವನ್ನ ಗ್ರಂಥಾಲಯಗಳಿಂದ ತೆಗೆದ್ರು. ಕುಂದೇರಾನನ್ನ ಪಕ್ಷದಿಂದ ಉಚ್ಚಾಟಿಸಿದ್ರು, ಮೇಷ್ಟ್ರ ಕೆಲಸ ಹೋಯ್ತು. 1975ರಲ್ಲಿ ಫ್ರಾನ್ಸಿಗೆ ಹೋದ. 1979ರಲ್ಲಿ ಪೌರತ್ವವನ್ನೂ ಕಿತ್ಕೊಂಡ್ರು. ಅದು ವಾಪಸ್ ಸಿಕ್ಕಿದ್ದು ನಲವತ್ತು ವರ್ಷ ಆದ್ಮೇಲೆ, 2019ರಲ್ಲಿ. 2023ರ ಜುಲೈನಲ್ಲಿ ಪ್ಯಾರಿಸಲ್ಲಿ ತೀರಿಕೊಂಡ.

ಇವನೊಬ್ಬನೇ ಅಲ್ಲ. ಯೋಸೆಫ್ ಷ್ಕ್ವೊರೆಟ್ಸ್ಕಿ ಅನ್ನೋನ 'ಹೇಡಿಗಳು' ಕಾದಂಬರಿ 1958ರಲ್ಲಿ ಬಂದು ಸ್ವಲ್ಪ ದಿನಕ್ಕೇ ನಿಷೇಧ ಆಯ್ತು. ಅವನು ಕೆನಡಾಕ್ಕೆ ಹೋಗಿ, ಹೆಂಡತಿ ಜೊತೆ ಸೇರಿ ಟೊರಾಂಟೊದಲ್ಲಿ ಒಂದು ಪ್ರಕಾಶನ ಶುರು ಮಾಡಿದ. ತಾಯ್ನಾಡಲ್ಲಿ ಅಚ್ಚಾಗದ ಪುಸ್ತಕಗಳನ್ನ ಅಲ್ಲಿ ಜೆಕ್ ಭಾಷೆಯಲ್ಲೇ ಅಚ್ಚು ಹಾಕಿದ. ದೇಶದೊಳಗೆ ಉಳಿದವರು ಟೈಪ್‌ರೈಟರಿನಲ್ಲಿ ಕಾರ್ಬನ್ ಹಾಳೆ ಇಟ್ಟು, ಕುಟ್ಟಿ ಕುಟ್ಟಿ ಪ್ರತಿ ತೆಗೆದು, ಕೈಯಿಂದ ಕೈಗೆ ದಾಟಿಸಿದ್ರು. ರಾತ್ರಿ ಓದಿ ಬೆಳಿಗ್ಗೆ ವಾಪಸ್ ಕೊಡ್ಬೇಕು. ಬೊಹುಮಿಲ್ ಹ್ರಬಾಲ್ ಬರೆದ ಒಂದು ಸಣ್ಣ ಕಾದಂಬರಿ ಮೊದಲು ಓಡಾಡಿದ್ದು ಹೀಗೇ. ಅದರ ನಾಯಕ ಯಾರು ಗೊತ್ತಾ? ಮೂವತ್ತೈದು ವರ್ಷದಿಂದ ರದ್ದಿ ಕಾಗದ ಒತ್ತೋ ಯಂತ್ರದ ಕೂಲಿ. ನಾಶ ಮಾಡೋಕೆ ಬಂದ ಪುಸ್ತಕಗಳಲ್ಲಿ ಒಳ್ಳೇವನ್ನ ಆರಿಸಿ ಮನೆಗೆ ಹೊತ್ಕೊಂಡು ಹೋಗ್ತಾನೆ.

ನಾನು ಇದನ್ನ ಓದುವಾಗ ನಮ್ಮ ಕೇರಿ ಹೆಣ್ಮಕ್ಳು ನೆನಪಾದ್ರು. ಉಚ್ಚಂಗಿದುರ್ಗದ ಗುಡ್ಡದ ಕೆಳಗೆ ಜೋಳದ ಹೊಲದಲ್ಲಿ ಕಳೆ ತೆಗೀತಾ ಹೊಲದ ಯಜಮಾನನ ಮೇಲೇ ಹಾಡು ಕಟ್ತಾರೆ. ಅವನ ಹೊಟ್ಟೆ, ಅವನ ಮೀಸೆ, ಅವನ ಲೆಕ್ಕ, ಯಾವುದನ್ನೂ ಬಿಡಲ್ಲ. ಯಜಮಾನ ಬದುವಿನ ಮೇಲೆ ಕಂಡ ತಕ್ಷಣ ಹಾಡು ದೇವರ ಪದ ಆಗುತ್ತೆ. ಅಚ್ಚಾಗದ ಈ ಸಾಹಿತ್ಯವನ್ನ ಯಾವ ಗೆಜೆಟ್ಟೂ ಮುಟ್ಟುಗೋಲು ಹಾಕಿಲ್ಲ. ಕೂಲಿ ಕಳ್ಕೊಳ್ಳೋ ಭಯವೇ ಅಲ್ಲಿ ಸೆನ್ಸಾರು.

*ಎರಡು: ಮೈಸೂರು, ಒಂದು ಪದ*

1973ರ ನವೆಂಬರ್. ಮೈಸೂರು. ಮಂತ್ರಿ ಬಿ. ಬಸವಲಿಂಗಪ್ಪನವರು ಭಾಷಣ ಮಾಡ್ತಾ, ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸಾ ಅಂದ್ರು. ಬೂಸಾ ಅಂದ್ರೆ ದನಕ್ಕೆ ಹಾಕೋ ತೌಡು. ದಲಿತ ಮಕ್ಕಳು ಇಂಗ್ಲಿಷ್ ಕಲಿಯಬೇಕು ಅನ್ನೋದು ಅವರ ಮಾತಿನ ತಿರುಳು.

ಅದು ವಿಡಂಬನೆ. ಸಾವಿರ ವರ್ಷದ ಸಾಹಿತ್ಯದಲ್ಲಿ ನನ್ನ ಅಪ್ಪ ಎಲ್ಲಿದ್ದಾನೆ, ನನ್ನ ಅವ್ವ ಎಲ್ಲಿದ್ದಾಳೆ ಅಂತ ಹುಡುಕಿ, ಸಿಗದೆ ಬಂದ ಸಿಟ್ಟಿನ ನಗು. ಆ ಒಂದು ಪದಕ್ಕೆ ರಾಜ್ಯ ಹೊತ್ತಿಕೊಳ್ತು. ಮೆರವಣಿಗೆ, ಪ್ರತಿಕೃತಿ ದಹನ. ದಲಿತ ವಿದ್ಯಾರ್ಥಿಗಳ ಮೇಲೆ ಹಲ್ಲೆ. ಬಸವಲಿಂಗಪ್ಪ ರಾಜೀನಾಮೆ ಕೊಡಬೇಕಾಯ್ತು. ತಲೆ ಮೇಲೆ ಮಲ ಹೊರುವ ಪದ್ಧತಿಗೆ ಕೊನೆ ಹಾಡಲು ನಿಂತ ಮಂತ್ರಿ ಆತ. ಸಾಮಾಜಿಕ ನ್ಯಾಯದ ಹೆಸರಲ್ಲಿ ಇವತ್ತಿಗೂ ನೆನೆಯೋ ಅರಸು ಸರ್ಕಾರಕ್ಕೂ ಒಂದು ಪದದ ಜೊತೆ ನಿಲ್ಲೋಕೆ ಆಗಲಿಲ್ಲ. ನಿಂತವರಲ್ಲಿ ಕುವೆಂಪು ಒಬ್ಬರು.

ಪ್ರಾಗ್‌ನ ಲುದ್ವಿಕ್‌ಗೆ ಮೂರು ಸಾಲು, ನಮ್ಮ ಬಸವಲಿಂಗಪ್ಪನವರಿಗೆ ಒಂದೇ ಪದ. ಆದ್ರೆ ಒಂದು ವ್ಯತ್ಯಾಸ ಗಮನಿಸಿ. ಲುದ್ವಿಕ್ ಒಂಟಿ ಆದ. ಇಲ್ಲಿ ಹೊಡೆತ ತಿಂದ ಹುಡುಗರು ಒಟ್ಟಾದ್ರು. ಹರಿಹರದಲ್ಲಿ ಹುಟ್ಟಿ ಭದ್ರಾವತಿಯಲ್ಲಿ ಪಾಠ ಹೇಳ್ತಿದ್ದ ಪ್ರೊ. ಬಿ. ಕೃಷ್ಣಪ್ಪ, ದೇವನೂರ ಮಹಾದೇವ, ಸಿದ್ಧಲಿಂಗಯ್ಯ, ಇವರೆಲ್ಲ ಕಟ್ಟಿದ ದಲಿತ ಸಂಘರ್ಷ ಸಮಿತಿಯ ಬೇರು ಈ ಗಲಾಟೆಯಲ್ಲಿದೆ. ಬೂಸಾ ಅಂದವನನ್ನ ಇಳಿಸಿದ್ರು. ಬೂಸಾ ಅಲ್ಲದ್ದನ್ನ ಬರೆಯೋ ಒಂದು ಪೀಳಿಗೆ ಎದ್ದು ನಿಂತಿತು.

*ಮೂರು: ಬೆಂಗಳೂರು, ಒಂದು ಅಧಿಸೂಚನೆ*

ಈಗ ಮುಖ್ಯ ವಿಷಯಕ್ಕೆ ಬರ್ತೀನಿ. ನಮ್ಮ ಹುಡುಗರಲ್ಲಿ ಬಹಳ ಜನಕ್ಕೆ ಗೊತ್ತಿಲ್ಲದ ಸಂಗತಿ ಇದು.

ಡಾ. ಪಿ.ವಿ. ನಾರಾಯಣ ಅವರ ಕಾದಂಬರಿ 'ಧರ್ಮಕಾರಣ'. ಬಸವಣ್ಣನ ಕಾಲದ ಕಥೆ. ವಿಡಂಬನೆ ಅಲ್ಲ, ಗಂಭೀರವಾದ ಐತಿಹಾಸಿಕ ಕಾದಂಬರಿ. 1995ರ ಉತ್ತಮ ಕೃತಿ ಅಂತ ಪ್ರಶಸ್ತಿನೂ ಪಡೆದಿತ್ತು. 1997ರ ಏಪ್ರಿಲ್ 28ರಂದು ಕರ್ನಾಟಕ ಸರ್ಕಾರ ಅಧಿಸೂಚನೆ ಹೊರಡಿಸಿ ಈ ಪುಸ್ತಕವನ್ನ ಮುಟ್ಟುಗೋಲು ಹಾಕ್ತು. ಆಗ ನಮ್ಮ ಹರಪನಹಳ್ಳಿ ತಾಲ್ಲೂಕು ಇನ್ನೂ ಬಳ್ಳಾರಿ ಜಿಲ್ಲೆಯಲ್ಲಿತ್ತು. ಅದೇ ವರ್ಷ ದಾವಣಗೆರೆಗೆ ಸೇರಿಸಿದ್ರು, 2018ರಲ್ಲಿ ಮತ್ತೆ ಬಳ್ಳಾರಿಗೆ, 2021ರಲ್ಲಿ ವಿಜಯನಗರಕ್ಕೆ. ಜಿಲ್ಲೆ ಮೂರು ಸಲ ಬದಲಾಯ್ತು. ಪುಸ್ತಕದ ಮೇಲಿನ ಆದೇಶ ಮಾತ್ರ ನ್ಯಾಯಾಲಯದಲ್ಲೂ ಗಟ್ಟಿಯಾಗಿ ನಿಂತಿತು.

ಕಾನೂನು ಹೇಗೆ ಕೆಲಸ ಮಾಡುತ್ತೆ ಅಂತ ತಿಳ್ಕೊಳ್ಳಿ, ಉಪಯೋಗಕ್ಕೆ ಬರುತ್ತೆ. ದಂಡ ಪ್ರಕ್ರಿಯಾ ಸಂಹಿತೆಯ 95ನೇ ಕಲಂ. ಒಂದು ಪುಸ್ತಕದಲ್ಲಿ ಗುಂಪುಗಳ ನಡುವೆ ದ್ವೇಷ ಹುಟ್ಟಿಸೋ ಅಥವಾ ಧಾರ್ಮಿಕ ಭಾವನೆಗೆ ಬೇಕಂತಲೇ ಧಕ್ಕೆ ತರೋ ವಿಷಯ ಇದೆ ಅಂತ ರಾಜ್ಯ ಸರ್ಕಾರಕ್ಕೆ ಕಂಡ್ರೆ ಸಾಕು, ಕಾರಣ ಬರೆದು, ಅಧಿಸೂಚನೆ ಹೊರಡಿಸಿ ಎಲ್ಲ ಪ್ರತಿಗಳನ್ನೂ ಮುಟ್ಟುಗೋಲು ಹಾಕಬಹುದು. ಮೊದಲು ಲೇಖಕನ ಮೇಲೆ ಕೇಸು ನಡೆದು ಅಪರಾಧ ಸಾಬೀತಾಗಬೇಕಿಲ್ಲ. ಆಮೇಲೆ ಪೊಲೀಸರು ದೇಶದ ಎಲ್ಲೇ ಆದ್ರೂ ಪ್ರತಿ ವಶಪಡಿಸ್ಕೋಬಹುದು. ಇದರ ವಿರುದ್ಧ 96ನೇ ಕಲಂ ಪ್ರಕಾರ ಎರಡು ತಿಂಗಳೊಳಗೆ ಹೈಕೋರ್ಟಿಗೆ ಹೋಗಬಹುದು, ಮೂವರು ನ್ಯಾಯಮೂರ್ತಿಗಳ ವಿಶೇಷ ಪೀಠ ಕೇಳುತ್ತೆ. 2024ರ ಜುಲೈನಿಂದ ಬಂದ ಹೊಸ ಸಂಹಿತೆಯಲ್ಲಿ ಇವೇ 98 ಮತ್ತು 99 ಆಗಿ ಕೂತಿವೆ. ಅಂಗಿ ಬದಲಾಯ್ತು, ಆಳು ಅವನೇ.

ಬರಗೂರು ರಾಮಚಂದ್ರಪ್ಪ ಮತ್ತಿತರರು ನ್ಯಾಯಾಲಯಕ್ಕೆ ಹೋದ್ರು. ಹೈಕೋರ್ಟಿನಲ್ಲಿ ನಿಷೇಧ ಉಳೀತು. 2007ರ ಮೇನಲ್ಲಿ ಸುಪ್ರೀಂ ಕೋರ್ಟು ಕೂಡ ಎತ್ತಿ ಹಿಡೀತು. ಹತ್ತು ವರ್ಷದ ಜಗಳ ಅಲ್ಲಿಗೆ ಮುಗೀತು.

ಆಕ್ಷೇಪ ಏನು? ಬಸವಣ್ಣನ ಅಕ್ಕ ನಾಗಲಾಂಬಿಕೆಯ ಚಾರಿತ್ರ್ಯಕ್ಕೆ ಕಳಂಕ ಹಚ್ಚಿದಾರೆ, ಚನ್ನಬಸವಣ್ಣನ ಹುಟ್ಟಿನ ಬಗ್ಗೆ ಆಡಬಾರದ್ದು ಆಡಿದಾರೆ ಅನ್ನೋದು.

ಇದೇ ಗಾಯದ ಮೇಲೆ ಅದಕ್ಕೂ ಮೊದಲೊಬ್ಬರು ಕೈ ಇಟ್ಟಿದ್ರು. ಡಾ. ಎಂ.ಎಂ. ಕಲಬುರ್ಗಿ. 'ಮಾರ್ಗ' ಮೊದಲ ಸಂಪುಟದ ಲೇಖನದಲ್ಲಿ, ಸಿಕ್ಕ ಆಧಾರಗಳನ್ನಿಟ್ಟು, ಚನ್ನಬಸವಣ್ಣ ನಾಗಲಾಂಬಿಕೆ ಮತ್ತು ಡೋಹರ ಕಕ್ಕಯ್ಯನ ಮದುವೆಯಿಂದ ಹುಟ್ಟಿರಬಹುದು ಅಂತ ವಾದಿಸಿದ್ರು. 1989ರಲ್ಲಿ ಅದು ದೊಡ್ಡ ಗಲಾಟೆ ಆಯ್ತು. ಜೀವ ಬೆದರಿಕೆ ಬಂತು. ಹೆಂಡತಿ ಮಕ್ಕಳ ಜೀವ ಉಳಿಸೋಕೆ ಅವರು ಬರೆದದ್ದನ್ನ ವಾಪಸ್ ತಗೊಂಡ್ರು. ಅವತ್ತು ತನ್ನ ಬುದ್ಧಿ ಆತ್ಮಹತ್ಯೆ ಮಾಡ್ಕೊಂತು ಅನ್ನೋ ಅರ್ಥದ ಮಾತನ್ನ ಆಮೇಲೆ ಅವರೇ ಆಡಿದ್ರು. 2015ರ ಆಗಸ್ಟ್ 30ರಂದು ಧಾರವಾಡದ ಮನೆ ಬಾಗಿಲಲ್ಲಿ ಅವರಿಗೆ ಗುಂಡು ಹೊಡೆದ್ರು.

ಗೆಳೆಯರೇ, ಇಲ್ಲಿ ಸ್ವಲ್ಪ ನಿಲ್ಲಿ. ಡೋಹರ ಕಕ್ಕಯ್ಯ ಯಾರು? ಚರ್ಮ ಹದ ಮಾಡೋ ಕುಲದ ಶರಣ, ವಚನಕಾರ. ಬೆಳಗಾವಿ ಜಿಲ್ಲೆ ಖಾನಾಪುರ ತಾಲ್ಲೂಕಿನ ಕಕ್ಕೇರಿ ಅವನ ಹೆಸರು ಹೊತ್ತು ನಿಂತಿದೆ. ಬಸವಣ್ಣನೇ ತನ್ನ ವಚನದಲ್ಲಿ ಮಾದಾರ ಚೆನ್ನಯ್ಯನನ್ನ, ಡೋಹರ ಕಕ್ಕಯ್ಯನನ್ನ ತನ್ನ ಮನೆಯ ಹಿರಿಯರು ಅಂತ ಕರ್ಕೊಂಡ. ಹುಟ್ಟಿದ ಕುಲ ಬಿಟ್ಟು ಇವರ ಬಳಗ ನನ್ನದು ಅಂದ. ಹನ್ನೆರಡನೇ ಶತಮಾನದಲ್ಲಿ ಅದು ಹೆಮ್ಮೆಯ ಮಾತು. ಕಕ್ಕಯ್ಯನ ಪ್ರಸಾದದಿಂದ ಚನ್ನಬಸವಣ್ಣ ಹುಟ್ಟಿದ ಅನ್ನೋ ಪವಾಡದ ಕಥೆಯೂ ಪರಂಪರೆಯಲ್ಲೇ ಇದೆ. ಅದಕ್ಕೆ ಯಾರೂ ಕೇಸು ಹಾಕಿಲ್ಲ. ಕಕ್ಕಯ್ಯನ ಪ್ರಸಾದ ಆಗುತ್ತೆ. ಕಕ್ಕಯ್ಯ ಅಳಿಯ ಆಗಿರಬಹುದು, ಭಾವ ಆಗಿರಬಹುದು ಅಂದ್ರೆ ಆಗಲ್ಲ!

ಇನ್ನೊಂದು ಕಥೆ ಎಲ್ಲರಿಗೂ ಗೊತ್ತು. ಸಮಗಾರ ಹರಳಯ್ಯನ ಮಗನಿಗೂ ಬ್ರಾಹ್ಮಣ ಮಧುವರಸನ ಮಗಳಿಗೂ ಕಲ್ಯಾಣದಲ್ಲಿ ಮದುವೆ. ಅದಕ್ಕೆ ಬಿಜ್ಜಳ ಕೊಟ್ಟ ಶಿಕ್ಷೆ, ಆಮೇಲಿನ ರಕ್ತಪಾತ. ಈ ಮದುವೆಯನ್ನ ಎಲ್ಲ ವೇದಿಕೆಯಲ್ಲೂ ಹೊಗಳ್ತಾರೆ, ನಾಟಕ ಆಡ್ತಾರೆ. ಅಲ್ಲಿ ಹೆಣ್ಣು ಕೊಟ್ಟವನು ಬ್ರಾಹ್ಮಣ. ಬಸವಣ್ಣನ ಮನೆಯೊಳಗೇ ಅಂಥದ್ದು ನಡೆದಿರಬಹುದು ಅಂದಾಗ ಮಾತ್ರ ಗೆಜೆಟ್ಟು ಬರುತ್ತೆ, ಬಂದೂಕು ತೋರಿಸ್ತಾರೆ. ಬೇರೆಯವರ ಮನೆ ಕ್ರಾಂತಿ ಚೆಂದ.

ಕಲಬುರ್ಗಿಯವರ ತೀರ್ಮಾನ ತಪ್ಪಿರಬಹುದು. ನಾರಾಯಣ ಅವರ ಕಲ್ಪನೆ ಕೆಲವರಿಗೆ ಒರಟು ಅನಿಸಿರಬಹುದು. ಒಬ್ಬ ಹೆಣ್ಮಗಳ ಬಗ್ಗೆ ಬರೆಯುವಾಗ ಜವಾಬ್ದಾರಿ ಇರಬೇಕು ಅನ್ನೋ ಮಾತಿಗೆ ನಾನೂ ಬೆಲೆ ಕೊಡ್ತೀನಿ. ಅದಕ್ಕೆ ಉತ್ತರ ಇನ್ನೊಂದು ಪುಸ್ತಕ. ಇನ್ನೊಂದು ಸಂಶೋಧನೆ. ಪುಸ್ತಕವನ್ನೇ ಮುಟ್ಟುಗೋಲು ಹಾಕಿದ್ರೆ ಪ್ರಶ್ನೆಯನ್ನ ಕೇಳೋಕೇ ಜಾಗ ಇಲ್ಲ. ನನ್ನಂಥವನಿಗೆ ಕಾಡೋದು ಇಷ್ಟೇ: ಯಾವ ಬೈಗುಳವೂ ಇಲ್ಲದೆ, ಒಬ್ಬ ಶರಣೆ ಜೊತೆ ನಮ್ಮ ಕುಲದ ಹೆಸರನ್ನ ಬರೆದ್ರೆ ಅದೇ ಒಂದು ಅವಮಾನ ಆಗೋದಾದ್ರೆ, ಆ ಅವಮಾನದಲ್ಲಿ ನಾವು ಯಾರು?

2024ರ ಜನವರಿಯಲ್ಲಿ ಸರ್ಕಾರ ಬಸವಣ್ಣನನ್ನ ಕರ್ನಾಟಕದ ಸಾಂಸ್ಕೃತಿಕ ನಾಯಕ ಅಂತ ಘೋಷಿಸ್ತು. ನನಗೆ ಖುಷಿನೇ. ಕಚೇರಿ ಗೋಡೆ ಮೇಲೆ ಬಸವಣ್ಣ ಬಂದ. ಪಕ್ಕದಲ್ಲಿ ಕಕ್ಕಯ್ಯನಿಗೆ ಜಾಗ ಇದೆಯಾ ಅಂತ ಕೇಳೋದು ನಮ್ಮ ಹಕ್ಕು.

*ನಮ್ಮ ಪರಂಪರೆ ಯಾವುದು?*

ಬಾಬಾಸಾಹೇಬರಿಗೆ ಇದೆಲ್ಲ ಹೊಸದಲ್ಲ. 1936ರಲ್ಲಿ ಲಾಹೋರಿನ ಜಾತ್ ಪಾತ್ ತೋಡಕ್ ಮಂಡಲ ಅವರನ್ನ ಅಧ್ಯಕ್ಷ ಭಾಷಣಕ್ಕೆ ಕರೀತು. ಬರೆದ ಭಾಷಣ ನೋಡಿ ಹೆದರಿ, ಕೆಲವು ಭಾಗ ತೆಗೀರಿ ಅಂತು. ಅಂಬೇಡ್ಕರ್ ಒಂದು ಅಲ್ಪವಿರಾಮವನ್ನೂ ತೆಗೆಯಲ್ಲ ಅಂದ್ರು. ಸಭೆ ರದ್ದಾಯ್ತು. ಸ್ವಂತ ಖರ್ಚಲ್ಲಿ 1,500 ಪ್ರತಿ ಅಚ್ಚು ಹಾಕ್ಸಿದ್ರು. ಅದೇ 'ಜಾತಿ ವಿನಾಶ'. ಕರೆದವರು ಯಾರು? ಜಾತಿ ಒಡೀತೀವಿ ಅಂತ ಹೊರಟ ಸುಧಾರಕರು!

1987ರಲ್ಲಿ ಮಹಾರಾಷ್ಟ್ರ ಸರ್ಕಾರ ಅವರ 'ಹಿಂದೂ ಧರ್ಮದ ಒಗಟುಗಳು' ಅಚ್ಚು ಮಾಡ್ದಾಗ ರಾಮ, ಕೃಷ್ಣರ ಕುರಿತ ಭಾಗಕ್ಕೆ ಶಿವಸೇನೆ ಗಲಾಟೆ ಎಬ್ಬಿಸ್ತು. ಮುಂಬೈ ಬೀದಿಗೆ ಇಳಿದ ದಲಿತರ ಜನಸಾಗರ ಆ ಪುಸ್ತಕವನ್ನ ಉಳಿಸ್ಕೊಂತು. ಸರ್ಕಾರ ಈ ಅಭಿಪ್ರಾಯ ಒಪ್ಪೋದಿಲ್ಲ ಅನ್ನೋ ಟಿಪ್ಪಣಿ ಅಂಟಿಸ್ಕೊಂಡು ಪುಸ್ತಕ ಹೊರಗೆ ಬಂತು.

ಉತ್ತರ ಪ್ರದೇಶದ ಲಲಯಿ ಸಿಂಗ್ ಯಾದವ್ ಕಥೆ ಎಲ್ಲರೂ ಬಾಯಿಪಾಠ ಮಾಡ್ಬೇಕು. ಪೆರಿಯಾರರ ರಾಮಾಯಣದ ಪುಸ್ತಕವನ್ನ ಹಿಂದಿಯಲ್ಲಿ 'ಸಚ್ಚೀ ರಾಮಾಯಣ' ಅಂತ ಪ್ರಕಟಿಸಿದ್ರು. 1969ರಲ್ಲಿ ಸರ್ಕಾರ ಮುಟ್ಟುಗೋಲು ಹಾಕ್ತು. ಆತ ಅಲಹಾಬಾದ್ ಹೈಕೋರ್ಟಿನಲ್ಲಿ ಗೆದ್ರು. ಸರ್ಕಾರ ಸುಪ್ರೀಂ ಕೋರ್ಟಿಗೆ ಹೋಯ್ತು. 1976ರ ಸೆಪ್ಟೆಂಬರ್‌ನಲ್ಲಿ, ತುರ್ತು ಪರಿಸ್ಥಿತಿ ಇರೋವಾಗಲೇ, ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಅವರ ಪೀಠ ಸರ್ಕಾರದ ಮೇಲ್ಮನವಿ ವಜಾ ಮಾಡ್ತು. ಯಾಕೆ? ಅಧಿಸೂಚನೆಯಲ್ಲಿ ಕಾರಣ ಬರೆದಿರಲಿಲ್ಲ. ಕಾರಣ ಹೇಳದೆ ಪುಸ್ತಕ ಕಿತ್ಕೊಳ್ಳೋ ಹಾಗಿಲ್ಲ ಅಂತು. ಒಬ್ಬ ಶೂದ್ರ ಪ್ರಕಾಶಕ ಒಂದು ರಾಜ್ಯ ಸರ್ಕಾರವನ್ನ ಮಣಿಸಿದ ಕಥೆ ಇದು.

ಈಗ ಕಹಿ ಮಾತು. ನಮ್ಮವರೂ ನಿಷೇಧ ಕೇಳಿದಾರೆ. 2012ರಲ್ಲಿ ಎನ್‌ಸಿಇಆರ್‌ಟಿ ಪಠ್ಯದಲ್ಲಿದ್ದ ಶಂಕರ್ ಅವರ 1949ರ ವ್ಯಂಗ್ಯಚಿತ್ರಕ್ಕೆ ವಿರೋಧ ಎದ್ದಿತು. ಬಸವನಹುಳು ಮೇಲೆ ಅಂಬೇಡ್ಕರ್ ಕೂತಿರೋ ಚಿತ್ರ ಅದು. ನೋವಾಗೋದು ಸಹಜ, ಪ್ರಶ್ನೆ ಮಾಡೋದೂ ಸರಿ. ಆದ್ರೆ ಆ ಪಠ್ಯ ಸಿದ್ಧಪಡಿಸಿದ್ದ ಸುಹಾಸ್ ಪಳಶೀಕರ್ ಅವರ ಪುಣೆಯ ಕಚೇರಿಗೆ ನುಗ್ಗಿ ಒಡೆದುಹಾಕಿದ್ದು ಅಂಬೇಡ್ಕರ್ ದಾರಿ ಅಲ್ಲ. ಕೆಲವರು ಕೇಳ್ತಾರೆ: ಹಾಗಾದ್ರೆ ಜಾತಿ ನಿಂದನೆಯನ್ನೂ ಅಭಿವ್ಯಕ್ತಿ ಸ್ವಾತಂತ್ರ್ಯ ಅಂತ ಬಿಡೋಣವಾ? ಖಂಡಿತ ಬೇಡ. ಬೀದಿಯಲ್ಲಿ ಒಬ್ಬ ಮನುಷ್ಯನನ್ನ ಜಾತಿ ಹಿಡಿದು ಬೈದು ತಲೆ ತಗ್ಗಿಸೋ ಹಾಗೆ ಮಾಡೋದು ದೌರ್ಜನ್ಯ, ಅದಕ್ಕೆ 1989ರ ಕಾಯ್ದೆ ಇದೆ, ಇರಲೇಬೇಕು. ಕೆಳಗಿನವನನ್ನ ತುಳಿಯೋ ಬೈಗುಳ ಬೇರೆ, ಮೇಲಿನವರನ್ನ ಕೆಣಕೋ ವಿಡಂಬನೆ ಬೇರೆ, ಚರಿತ್ರೆಗೆ ಹಾಕೋ ಪ್ರಶ್ನೆ ಬೇರೆ. ಈ ಮೂರನ್ನ ಒಂದೇ ಚೀಲಕ್ಕೆ ತುಂಬಿದ್ರೆ ಲಾಭ ಆಗೋದು ಯಾವಾಗಲೂ ಮೇಲಿನವರಿಗೇ. ಯಾಕಂದ್ರೆ ಯಾರ ಭಾವನೆಗೆ ಧಕ್ಕೆ ಆಯ್ತು ಅಂತ ಸರ್ಕಾರಕ್ಕೆ ಬೇಗ ಕಾಣುತ್ತೆ, ಯಾರದ್ದು ಕಾಣಲ್ಲ ಅನ್ನೋದು ನಮಗೆ ಗೊತ್ತು. ನಮ್ಮನ್ನ ಮನುಷ್ಯರೇ ಅಲ್ಲ ಅಂದ ಮನುಸ್ಮೃತಿ ಇವತ್ತೂ ಅಂಗಡಿಯಲ್ಲಿ ಸಿಗುತ್ತೆ. ಬಾಬಾಸಾಹೇಬರು 1927ರ ಡಿಸೆಂಬರ್ 25ರಂದು ಮಹಾಡ್‌ನಲ್ಲಿ ಅದನ್ನ ಎಲ್ಲರ ಮುಂದೆ ಸುಟ್ಟು ಪ್ರತಿಭಟಿಸಿದ್ರು. ಯಾರ ಓದೋ ಹಕ್ಕನ್ನೂ ಅದು ಕಿತ್ಕೊಳ್ಳಲಿಲ್ಲ.

ಎಡಪಂಥದ ಸಂಗಾತಿಗಳಿಗೂ ಒಂದು ಮಾತು, ಪ್ರೀತಿಯಿಂದ. ಪ್ರಾಗ್‌ನ ಕಥೆ ಎತ್ತಿದ್ರೆ ಅಮೆರಿಕದ ಏಜೆಂಟ್ ಅನ್ನೋ ಕಾಲ ಮುಗೀತು. ಅಂಬೇಡ್ಕರ್ 1956ರ ನವೆಂಬರ್‌ನಲ್ಲಿ ಕಾಠ್ಮಂಡುವಿನಲ್ಲಿ ಬುದ್ಧ ಮತ್ತು ಮಾರ್ಕ್ಸ್ ಬಗ್ಗೆ ಮಾತಾಡಿದ್ರು. ಬಡತನ, ಶೋಷಣೆ ಹೋಗಬೇಕು ಅನ್ನೋದರಲ್ಲಿ ಇಬ್ಬರೂ ಒಂದೇ, ಆದ್ರೆ ಸರ್ವಾಧಿಕಾರದಿಂದ ಕಟ್ಟಿದ್ದು ನಿಲ್ಲಲ್ಲ ಅನ್ನೋದು ಅವರ ಮಾತಿನ ಸಾರ. ರೊಟ್ಟಿ ಕೊಟ್ಟು ಬಾಯಿ ಹೊಲಿಯೋ ಸಮಾನತೆ ನಮಗೆ ಬೇಡ. ಸಾವಿರಾರು ವರ್ಷ ಬಾಯಿ ಹೊಲಿಸ್ಕೊಂಡವರು ನಾವು.

ಹಾಗಾಗಿ ಊರೂರಲ್ಲಿ ಓದೋ ಬಳಗ ಕಟ್ಟೋಣ. ಹರಪನಹಳ್ಳಿ, ಕೂಡ್ಲಿಗಿ, ಕೊಟ್ಟೂರು, ಹಡಗಲಿ, ಹಗರಿಬೊಮ್ಮನಹಳ್ಳಿ, ಎಲ್ಲ ಕಡೆ ಹಾಸ್ಟೆಲ್ ಇವೆ, ಓದೋ ಹುಡುಗರಿದಾರೆ, ಹುಡುಗೀರಿದಾರೆ. ತಿಂಗಳಿಗೆ ಒಂದು ಪುಸ್ತಕ ಸಾಕು. 'ಜಾತಿ ವಿನಾಶ'ದಿಂದ ಶುರು ಮಾಡಿ. ಬೂಸಾ ಕಾಲದ ಲೇಖನಗಳನ್ನ ಓದಿ. ಕಕ್ಕಯ್ಯನ, ಕಾಳವ್ವೆಯ ವಚನ ಓದಿ. ಕುಂದೇರಾನ 'ತಮಾಷೆ'ಯನ್ನೂ ಓದಿ. ನಿಮ್ಮ ಅವ್ವ, ದೊಡ್ಡವ್ವ ಹೊಲದಲ್ಲಿ ಕಟ್ಟೋ ಹಾಡುಗಳನ್ನ ಬರೆದಿಡಿ, ಯಜಮಾನರು ಬದುವಿಗೆ ಬರೋದಕ್ಕಿಂತ ಮುಂಚಿನ ಹಾಡುಗಳನ್ನ.

ಒಪ್ಪದವರು ಕಾಮೆಂಟಿನಲ್ಲಿ ವಾದ ಮಾಡಿ, ಸ್ವಾಗತ. ಡಿಲೀಟ್ ಮಾಡಲ್ಲ.

ಜೈ ಭೀಮ್. ಶರಣು.